ಪಕ್ಕದವನು ಕೇಳಿದ ಹಾಡು

ಬೆಂಗಳೂರಿನ ಹಳೆಯ ರೆಕಾರ್ಡ್ ಅಂಗಡಿಗಳಿಗೆ ಕಾಲಿಟ್ಟವರಲ್ಲಿ ಕೊಂಡವರಿಗಿಂತ ಕೇಳಿದವರೇ ಹೆಚ್ಚು. ಅಂಗಡಿಯವರಿಗೂ ಇದು ಗೊತ್ತಿದ್ದ ಸಂಗತಿಯೇ. ಪ್ಲೇಟು ದುಬಾರಿ, ಅದನ್ನು ನುಡಿಸುವ ಪೆಟ್ಟಿಗೆ ಇನ್ನೂ ದುಬಾರಿ. ಹಾಗಾಗಿ ಗಿರಾಕಿ ಹಾಡು ಹಾಕಿಸಿ, ಗೀರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ದುಡ್ಡು ಎಣಿಸುತ್ತಿದ್ದ. ಅವನ ಜೊತೆಗೆ ಗಲ್ಲಾದ ಬಳಿ ನಿಂತವರು, ಬಾಗಿಲಲ್ಲಿ ನಿಂತವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ಕೇಳುತ್ತಿದ್ದರು. ಆ ಅಂಗಡಿಗಳ ಮಾತು ತೆಗೆದರೆ ಊರಿನ ಹಳಬರಿಗೆ ತಾವು ಕೊಂಡ ಪ್ಲೇಟಿಗಿಂತ ಮೊದಲು ನೆನಪಾಗುವುದು ಕೊಳ್ಳದೆಯೇ ಕೇಳಿದ ಹಾಡು.

ಹಾಡು ಅಂಗಡಿಯ ಸರಕಾದದ್ದು 20ನೇ ಶತಮಾನದ ಆರಂಭದಲ್ಲಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಿಸಿಕೊಂಡರು. ಮೇಣದ ಮೂಲ ಮುದ್ರಿಕೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಪ್ಲೇಟಾಗಿ ಹಡಗಿನಲ್ಲಿ ಮರಳಬೇಕಿತ್ತು. ಯಾವುದು ಯಾರ ಹಾಡೆಂದು ಅಲ್ಲಿನ ಕಾರ್ಖಾನೆಯವರಿಗೆ ತಿಳಿಯಲೆಂದು ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆದ ಮೇಲೆ ಈ ಸಮುದ್ರಯಾನ ತಪ್ಪಿತು. ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಸೀಮೆಗೇ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲೇ ತೀರಿಕೊಂಡರು.

ಅಂದಿನ ಪ್ಲೇಟು ಅರಗು ಬೆರೆಸಿ ಮಾಡಿದ್ದು. ಕೈಜಾರಿದರೆ ಚೂರು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದ ಉಸ್ತಾದರೂ ವಿದ್ವಾಂಸರೂ ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಬೇಕು. ಉಕ್ಕಿನ ಸೂಜಿ ಬೇಗ ಸವೆಯುತ್ತಿತ್ತು. ಮಗ್ಗುಲಿಗೊಂದು ಹೊಸ ಸೂಜಿ ಹಾಕಿ ಎಂಬುದು ಕಂಪನಿಯ ಬುದ್ಧಿವಾದ. ಪ್ಲೇಟು ಕೊಳ್ಳಲಾಗದಿದ್ದರೂ ಸೂಜಿಯ ಪುಟ್ಟ ಡಬ್ಬಿಗಾಗಿ, ಚಾವಿ ಕೊಟ್ಟು ಕೊಟ್ಟು ತುಂಡಾದ ಸ್ಪ್ರಿಂಗಿನ ರಿಪೇರಿಗಾಗಿ ಜನ ಅಂಗಡಿಗೆ ಬರಲೇಬೇಕು. ಬಂದವರ ಕಿವಿಗೆ ಹಾಡು ಬೀಳಲೇಬೇಕು.

ಹಾಗೆ ಕಿವಿಗೆ ಬಿದ್ದ ಹಾಡು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಗದಗಿನ ಕತೆಯೇ ಸಾಕು. ಶಾಲೆಗೆ ಹೋಗಿಬರುವ ಹುಡುಗನೊಬ್ಬ ಅಂಗಡಿಯ ಮುಂದೆ ನಿಂತು ಉಸ್ತಾದ್ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದ, ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿಸಿಕೊಂಡ, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಹೊರಟ. ಭೀಮಸೇನ ಜೋಶಿಯವರ ಜೀವನ ಬರೆದವರು ಮತ್ತೆ ಮತ್ತೆ ಹೇಳುವ ಪ್ರಸಂಗವಿದು. ಊರೂರು ಸುತ್ತಿ ಬಂದ ಹುಡುಗನಿಗೆ ಕೊನೆಗೆ ಗುರುವಾಗಿ ಸಿಕ್ಕವರು ಅದೇ ಖಾನ್ ಸಾಹೇಬರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರು. ಆ ಹುಡುಗ ಅಂದು ಗಿರಾಕಿಯಾಗಿರಲಿಲ್ಲ.

ಗುನುಗಿದರೆ ಸಾಕು

ಬೆಂಗಳೂರಿಗೆ ಆಕಾಶವಾಣಿ ಬಂದದ್ದು 1955ರಲ್ಲಿ. ದೇಶಕ್ಕೆ ವಿವಿಧ ಭಾರತಿ ಬಂದದ್ದು 1957ರಲ್ಲಿ. ಮನೆಯಲ್ಲೇ ಪುಕ್ಕಟೆ ಹಾಡು ಸಿಕ್ಕಿದ್ದರಿಂದ ಅಂಗಡಿಗಳಿಗೆ ಹೊಡೆತ ಬೀಳಬೇಕಿತ್ತು. ಆದದ್ದು ಬೇರೆ. ರೇಡಿಯೊ ತನಗೆ ಬೇಕಾದಾಗ ಹಾಡುತ್ತಿತ್ತು, ಅಂಗಡಿ ನಮಗೆ ಬೇಕಾದಾಗ. ಅಡುಗೆಮನೆಯಿಂದ ಅರ್ಧ ಕೇಳಿಸಿದ ಹಾಡನ್ನು ಹುಡುಕಿಕೊಂಡು ಜನ ಬರುತ್ತಿದ್ದರು. ಸಿನಿಮಾದ ಹೆಸರು ಗೊತ್ತಿಲ್ಲ, ಹಾಡಿದವರು ಗೊತ್ತಿಲ್ಲ. ಸಂಕೋಚದಿಂದ ಎರಡು ಸಾಲು ಗುನುಗಿದರೆ ಅಂಗಡಿಯವರು ಏಣಿ ಹತ್ತಿ ಮೇಲಿನ ಕಪಾಟಿನಿಂದ ಸರಿಯಾದ ಪ್ಲೇಟನ್ನೇ ಎಳೆಯುತ್ತಿದ್ದರು. ಹುಡುಕುವ ಯಂತ್ರವೆಲ್ಲ ಅವರ ತಲೆಯೊಳಗೇ ಇತ್ತು.

ಅರಗಿನ ಪ್ಲೇಟು ಹೋಗಿ ವಿನೈಲ್ ಬಂದಿತು. 45 ಸುತ್ತಿನ ಇ.ಪಿ.ಯಲ್ಲಿ ಸಿನಿಮಾದ ನಾಲ್ಕು ಹಾಡು, 33ರ ಎಲ್.ಪಿ.ಯಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟ ಕಛೇರಿ. ಕೈಯಲ್ಲಿ ಹಿಡಿದು ಒಯ್ಯಬಹುದಾದ, ಗ್ರಾಮಫೋನ್ ಕಂಪನಿಯ ಎಚ್ಎಂವಿ ಫಿಯೆಸ್ಟಾ ಪ್ಲೇಯರು ಮಧ್ಯಮ ವರ್ಗದ ಮನೆಗಳಿಗೂ ಬಂದಿತು. ಆದರೂ ಅಂಗಡಿಯ ಖಾಯಂ ಗಿರಾಕಿಗಳು ಮೈಕ್‌ಸೆಟ್ಟಿನವರೇ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಚಪ್ಪರ ಎಲ್ಲಕ್ಕೂ ಹೊಸ ಹಾಡು ಬೇಕು. 1974ರ ‘ಸಂಪತ್ತಿಗೆ ಸವಾಲ್’ನ ಎಮ್ಮೆಯ ಹಾಡಿನಿಂದ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ದನಿಯಾಗತೊಡಗಿದ ಮೇಲಂತೂ ಬೀದಿಯ ಲೌಡ್‌ಸ್ಪೀಕರುಗಳಿಗೆ ಬಿಡುವಿರಲಿಲ್ಲ.

ಕ್ಯಾಸೆಟ್ ತುಂಬಿಸಿಕೊಡಲಾಗುವುದು

ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ ಕನ್ನಡದ ಮಟ್ಟಿಗೆ ದೊಡ್ಡ ಬದಲಾವಣೆಯನ್ನೇ ಮಾಡಿತು. ಪ್ಲೇಟು ಅಚ್ಚು ಹಾಕಲು ಭಾರೀ ಕಾರ್ಖಾನೆ ಬೇಕಿತ್ತು. ಎಚ್ಎಂವಿ ಯಾರನ್ನು ಮುದ್ರಿಸಿತೋ ಅವರನ್ನು ಕೇಳಬೇಕಿತ್ತು. ಕ್ಯಾಸೆಟ್ಟಿಗೆ ಪ್ರತಿ ತೆಗೆಯುವ ಯಂತ್ರವಿದ್ದರೆ ಸಾಕು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದಿತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಆಮೇಲೆ ಸಿ. ಅಶ್ವತ್ಥರ ದನಿಯಲ್ಲಿ ಶಿಶುನಾಳ ಷರೀಫರು, ಭದ್ರಗಿರಿ ಅಚ್ಯುತದಾಸರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಧೀರೇಂದ್ರ ಗೋಪಾಲರ ಹಾಸ್ಯ, ಕರಾವಳಿಯ ಯಕ್ಷಗಾನ ಎಲ್ಲವೂ ಅಂಗಡಿಯ ಗೋಡೆ ಹತ್ತಿದವು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದ ಕ್ಯಾಸೆಟ್ ಹೊರತಂದ ಬೆಂಗಳೂರಿನ ಲಹರಿ ಸಂಸ್ಥೆ ಆ ಒಂದೇ ಗೆಲುವಿನಿಂದ ಮನೆಮಾತಾಯಿತು.

ಇದೇ ಕಾಲದಲ್ಲಿ ಗಲ್ಲಿಗಲ್ಲಿಯಲ್ಲೂ ಇನ್ನೊಂದು ವ್ಯಾಪಾರ ಹುಟ್ಟಿಕೊಂಡಿತು. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಮೂರು ದಿನದಲ್ಲಿ ತುಂಬಿಸಿಕೊಡುತ್ತಿದ್ದರು. 60 ನಿಮಿಷದ್ದೋ 90 ನಿಮಿಷದ್ದೋ, ಎ ಸೈಡಿನಲ್ಲಿ ಯಾವುದು, ಬಿ ಸೈಡಿನ ಕೊನೆಗೆ ಉಳಿದ ಎರಡು ನಿಮಿಷಕ್ಕೆ ಯಾವುದು ಎಂದು ಲೆಕ್ಕ ಹಾಕಬೇಕು. ಕಾನೂನಿನ ಪ್ರಕಾರ ತಪ್ಪು. ಆದರೆ ಪ್ರೇಮಪತ್ರ ಬರೆಯಲಾರದ ಎಷ್ಟೋ ಹುಡುಗರ ಕೆಲಸವನ್ನು ಆ ಚೀಟಿಗಳು ಮಾಡಿಕೊಟ್ಟವು. ಅಂಗಡಿಯವರು ಚೀಟಿ ಓದಿ ಮುಗುಳ್ನಕ್ಕು, ‘ಇದರ ಜೊತೆ ಇದನ್ನೂ ಹಾಕ್ಲಾ?’ ಎನ್ನುತ್ತಿದ್ದರು. ತುಂಬುವಾಗ ಅಂಗಡಿಯಲ್ಲೆಲ್ಲ ಅದೇ ಹಾಡು. ಇನ್ನೊಬ್ಬರು ಆರಿಸಿದ್ದನ್ನು ಕೇಳಿ, ‘ನಂಗೂ ಇದೇ ಇರ್ಲಿ’ ಎಂದು ತಮ್ಮ ಚೀಟಿ ತಿದ್ದಿದವರೂ ಉಂಟು.

ಅಂಗಡಿ ಹೋದದ್ದೆಲ್ಲಿ?

ಈ ಅಂಗಡಿಗಳೆಲ್ಲ ಸತ್ತವು ಎಂದು ನಿಟ್ಟುಸಿರು ಬಿಡುವುದು ರೂಢಿ. ಎಲ್ಲವೂ ಸಾಯಲಿಲ್ಲ, ಸರಕು ಬದಲಾಯಿಸಿದ್ದೂ ಉಂಟು. 1974ರಲ್ಲಿ ಜೆ.ಸಿ. ರಸ್ತೆಯಲ್ಲಿ ಗ್ರಾಮಫೋನ್ ಅಂಗಡಿಯಾಗಿ ಶುರುವಾದ ‘ಸಂಗೀತಾ’ ಇಂದು ಊರೂರಲ್ಲಿರುವ ಮೊಬೈಲ್ ಮಳಿಗೆ. ಕ್ಯಾಸೆಟ್ ತುಂಬುತ್ತಿದ್ದ ಪುಟ್ಟ ಅಂಗಡಿಗಳು ಮಾಡುತ್ತಿದ್ದ ಕೆಲಸವನ್ನು ಮುಂದೆ ಮೊಬೈಲ್ ರಿಪೇರಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿ ಮುಂದುವರಿಸಿದರು. ಪ್ಲೇಟಿನ ಅಂಗಡಿ ಮೊದಲಿನಿಂದಲೂ ಹಾಡನ್ನೂ ಅದರ ಯಂತ್ರವನ್ನೂ ಒಟ್ಟಿಗೇ ಮಾರುತ್ತಿತ್ತು. ಈಗ ಯಂತ್ರ ಮಾತ್ರ ಅಂಗಡಿಯಲ್ಲಿ ಉಳಿಯಿತು, ಹಾಡು ಗಾಳಿಯಲ್ಲಿ ಬರತೊಡಗಿತು.

ಕೂಡಿ ಕೇಳುವುದು ನಿಂತದ್ದಕ್ಕೆ ಮೊಬೈಲನ್ನೇ ದೂರುವುದು ಸರಿಯಲ್ಲ. ಅದಕ್ಕೂ ಮೊದಲೇ, ಸಿಡಿಯ ಕಾಲದಲ್ಲಿ, ಬ್ರಿಗೇಡ್ ರಸ್ತೆಯ ಮ್ಯೂಸಿಕ್ ವರ್ಲ್ಡ್‌ನಂಥ ಏಸಿ ಮಳಿಗೆಗಳು ಬಂದಾಗಲೇ ಅದು ಶುರುವಾಗಿತ್ತು. ಅಲ್ಲಿ ಕೊಳ್ಳದೆ ಕೇಳಲು ಅಡ್ಡಿಯಿರಲಿಲ್ಲ. ಗೋಡೆಗೆ ಹೆಡ್‌ಫೋನ್ ತೂಗುಹಾಕಿದ್ದರು. ಎಷ್ಟು ಹೊತ್ತು ನಿಂತರೂ ಯಾರೂ ಹೋಗೆನ್ನುತ್ತಿರಲಿಲ್ಲ. ಆದರೆ ಪಕ್ಕದವನ ಕಿವಿಯಲ್ಲಿ ಏನಿದೆಯೆಂದು ನಮಗೆ ತಿಳಿಯುತ್ತಿರಲಿಲ್ಲ. ಮ್ಯೂಸಿಕ್ ವರ್ಲ್ಡ್ ಸರಣಿಯೂ ಬಾಳಲಿಲ್ಲ; 2013ರಲ್ಲಿ ಅದರ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಹೆಸರಾಂತ ಮಳಿಗೆಯೇ ಬಾಗಿಲು ಹಾಕಿತು.

ಈಗ ವಿನೈಲ್ ಮತ್ತೆ ಚಾಲ್ತಿಗೆ ಬಂದಿದೆ. ಹಳೆಯ ಪ್ಲೇಟು ಹುಡುಕುವವರು ಹೆಚ್ಚಿದ್ದಾರೆ, ಬೆಲೆಯೂ ಏರಿದೆ. ಸಂತೋಷವೇ. ಆದರೆ ಕೊಂಡ ಪ್ಲೇಟು ನೇರ ಮನೆಗೆ ಹೋಗುತ್ತದೆ, ಬಾಗಿಲು ಹಾಕಿದ ಕೋಣೆಯಲ್ಲಿ ತಿರುಗುತ್ತದೆ. ಹಳೆಯ ಅಂಗಡಿಯ ಹೆಚ್ಚುಗಾರಿಕೆ ಪ್ಲೇಟಿನಲ್ಲಿರಲಿಲ್ಲ, ಆ ಗದ್ದಲದಲ್ಲಿತ್ತು. ಫೋನು ನಮ್ಮ ರುಚಿ ತಿಳಿದು ನಮಗೆ ಬೇಕಾದ್ದನ್ನೇ ಬಡಿಸುತ್ತದೆ; ಅಂಗಡಿಯಲ್ಲಿ ಪಕ್ಕದ ಎಲೆಗೆ ಬಡಿಸಿದ್ದರಲ್ಲೂ ನಮಗೊಂದು ಪಾಲಿತ್ತು.