ದುಡಿದ ಗಂಟೆಗೆ ತಕ್ಕ ಬಿಲ್ಲು: ಸಮಯದ ಲೆಕ್ಕವಿಡುವ ತಂತ್ರಾಂಶ

ಬೆಂಗಳೂರು: ವಕೀಲರು, ವಿನ್ಯಾಸಕಾರರು, ಸಾಫ್ಟ್‌ವೇರ್ ತಯಾರಕರು, ಸಲಹೆಗಾರರು ಗ್ರಾಹಕರಿಗೆ ಮಾರುವ ಸರಕೆಂದರೆ ತಮ್ಮ ಸಮಯ. ಅಂಗಡಿಯ ದಾಸ್ತಾನನ್ನು ಸಂಜೆ ಎಣಿಸಬಹುದು. ಕಳೆದುಹೋದ ಗಂಟೆಯನ್ನು ಎಣಿಸಲಾಗದು. ತಿಂಗಳ ಕೊನೆಗೆ ನೆನಪಿನಿಂದ ಬಿಲ್ಲು ಬರೆಯಲು ಕುಳಿತರೆ, ದೂರವಾಣಿಯಲ್ಲಿ ಕಳೆದ ಹತ್ತು ನಿಮಿಷ, ಸಣ್ಣ ತಿದ್ದುಪಡಿಗೆ ವ್ಯಯವಾದ ಅರ್ಧ ಗಂಟೆ ಮರೆತುಹೋಗಿರುತ್ತವೆ. ಈ ಸೋರಿಕೆಯನ್ನು ತಡೆಯುವುದೇ ಸಮಯ ದಾಖಲಿಸಿ ಬಿಲ್ಲು ಸಿದ್ಧಪಡಿಸುವ ತಂತ್ರಾಂಶಗಳ ಉದ್ದೇಶ.

ಹಳೆಯ ಪದ್ಧತಿ

ಗಂಟೆಯ ಲೆಕ್ಕದಲ್ಲಿ ಶುಲ್ಕ ವಿಧಿಸುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. ವಕೀಲರ ಸಂಘಗಳ ಕನಿಷ್ಠ ಶುಲ್ಕ ಪಟ್ಟಿ ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ತೀರ್ಪಿತ್ತ ಬಳಿಕ ಅದು ಅಲ್ಲಿ ಇನ್ನಷ್ಟು ಬೇರೂರಿತು. ಗಂಟೆಯನ್ನು ತಲಾ ಆರು ನಿಮಿಷಗಳ ಹತ್ತು ಭಾಗ ಮಾಡುವುದು ಅಲ್ಲಿನ ವಕೀಲರ ರೂಢಿ. ಅದರಂತೆ 2 ಗಂಟೆ 24 ನಿಮಿಷವೆಂದರೆ 2.4 ಗಂಟೆ.

ಕಾರ್ಯವಿಧಾನ ಹೇಗೆ?

ಹಾರ್ವೆಸ್ಟ್, ಟಾಗಲ್, ಚೆನ್ನೈ ಮೂಲದ ಸಂಸ್ಥೆಯ ಜೋಹೊ ಇನ್‌ವಾಯ್ಸ್, ಮುಕ್ತ ತಂತ್ರಾಂಶವಾದ ಕಿಮಾಯ್ ಮೊದಲಾದವುಗಳ ಒಳರಚನೆ ಬಹುತೇಕ ಒಂದೇ. ಮೊದಲು ಗ್ರಾಹಕ, ಗ್ರಾಹಕನ ಕೆಳಗೆ ಯೋಜನೆ, ಯೋಜನೆಯ ಕೆಳಗೆ ಕೆಲಸ. ಕೆಲಸ ಆರಂಭಿಸುವಾಗ ಗುಂಡಿ ಒತ್ತಿದರೆ ಗಡಿಯಾರ ಓಡತೊಡಗುತ್ತದೆ. ನಿಲ್ಲಿಸಿದಾಗ ಒಂದು ನಮೂದು ಸಿದ್ಧ. ಪ್ರತಿ ನಮೂದಿಗೂ ಅದು ಶುಲ್ಕಾರ್ಹವೋ ಅಲ್ಲವೋ ಎಂಬ ಗುರುತು ಇರುತ್ತದೆ. ಬಿಲ್ಲಿಗೆ ಸೇರಿದ ನಮೂದು 'ವಿಧಿಸಲಾಗಿದೆ' ಎಂದು ಗುರುತಾಗುವುದರಿಂದ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಕೇಳುವ ಪ್ರಮಾದ ತಪ್ಪುತ್ತದೆ.

ಉದಾಹರಣೆಗೆ, ಒಂದು ಯೋಜನೆಗೆ 46 ಗಂಟೆ ದಾಖಲಾಗಿದ್ದು, ಅದರಲ್ಲಿ 40 ಗಂಟೆ ಶುಲ್ಕಾರ್ಹ ಎಂದುಕೊಳ್ಳೋಣ. ಗಂಟೆಗೆ 1,500 ರೂ. ದರದಲ್ಲಿ 60,000 ರೂ. ಆಗುತ್ತದೆ. ಜಿಎಸ್‌ಟಿ ನೋಂದಾಯಿತರ ಸಾಫ್ಟ್‌ವೇರ್ ಸೇವೆಗೆ ಶೇ 18ರ ತೆರಿಗೆ 10,800 ರೂ. ಸೇರಿ ಬಿಲ್ಲಿನ ಮೊತ್ತ 70,800 ರೂ. ಗ್ರಾಹಕ ಕರ್ನಾಟಕದವನಾದರೆ ತೆರಿಗೆ ಕೇಂದ್ರ, ರಾಜ್ಯಗಳ ಪಾಲಾಗಿ ತಲಾ ಶೇ 9ರಂತೆ ವಿಂಗಡಣೆಯಾಗುತ್ತದೆ. ಹೊರರಾಜ್ಯದವನಾದರೆ ಒಟ್ಟಾಗಿ ಐಜಿಎಸ್‌ಟಿ. ಇನ್ನು 60,000 ರೂ.ಯನ್ನು ದುಡಿದ 46 ಗಂಟೆಗೂ ಹಂಚಿದರೆ ನಿಜವಾದ ಗಳಿಕೆ ಗಂಟೆಗೆ ಸುಮಾರು 1,304 ರೂ. ಮಾತ್ರ. ಮುಂದಿನ ಕೆಲಸಕ್ಕೆ ದರ ಹೇಳುವಾಗ ನೆರವಾಗುವುದು ಈ ಅಂಕಿಯೇ.

ಬಾಕಿ ವಸೂಲಿಗೆ ಆಧಾರ

ಬಿಲ್ಲು ಕಳುಹಿಸಿದ ಮಾತ್ರಕ್ಕೆ ಹಣ ಬರುವುದಿಲ್ಲ. ನೋಂದಾಯಿತ ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ವಿವಾದ ಎದ್ದಾಗ ಯಾವ ದಿನ, ಯಾರು, ಯಾವ ಕೆಲಸ ಮಾಡಿದರು ಎಂಬ ದಾಖಲೆ ಬಲ ನೀಡುತ್ತದೆ.

ಆದರೆ ತಂತ್ರಾಂಶ ತಾನಾಗಿ ಪ್ರಾಮಾಣಿಕವಾಗದು. ಗಡಿಯಾರ ನಿಲ್ಲಿಸಲು ಮರೆತರೆ ಊಟದ ಹೊತ್ತೂ ಬಿಲ್ಲು ಸೇರುತ್ತದೆ. 'ವಿವಿಧ ಕೆಲಸ' ಎಂಬ ಒಂದೇ ಸಾಲಿನ ನಮೂದು ಗ್ರಾಹಕನ ಅನುಮಾನಕ್ಕೆ ದಾರಿ. ಆದ್ದರಿಂದ ಗಂಟೆಯ ದರವನ್ನೂ ನಿಮಿಷಗಳನ್ನು ಪೂರ್ಣಾಂಕಕ್ಕೆ ತರುವ ಕ್ರಮವನ್ನೂ ಕೆಲಸಕ್ಕೆ ಮುನ್ನವೇ ಲಿಖಿತವಾಗಿ ಒಪ್ಪಿಕೊಂಡು, ಆಯಾ ದಿನದ ನಮೂದನ್ನು ಆಯಾ ದಿನವೇ ಮುಗಿಸುವುದು ಉಭಯತ್ರರಿಗೂ ಕ್ಷೇಮ.