ಟಿಪ್ಪಣಿಗಳನ್ನು ಪೋಣಿಸುವ ಕ್ರಮ

ಯಾವುದೊಂದು ವಿಷಯವನ್ನು ಕುರಿತು ನಾಲ್ಕು ಪುಸ್ತಕಗಳನ್ನು ಓದುವುದು ಅಷ್ಟೇನೂ ಕಷ್ಟವಲ್ಲ. ಓದಿದುದನ್ನು ಬೇಕಾದಾಗ ಆಧಾರಸಹಿತವಾಗಿ ಮರಳಿ ಪಡೆಯುವುದೇ ಕಷ್ಟ. ಈ ಮಾತಿನ ಸತ್ಯವನ್ನು ನಾವು ದಿಂಡೋರಿಯ ನಿಮಿತ್ತದಿಂದ ಕಲಿತೆವು. ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮವನ್ನು ನಮ್ಮ ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ದಿಂಡೋರಿಯು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಒಂದು ತಾಲ್ಲೂಕು. ಆ ತಾಲ್ಲೂಕಿನ ವಣಿ ಎಂಬ ಊರಿನ ಹೆಸರನ್ನೂ ಕೂಡಿಸಿ ವಿದ್ವಾಂಸರು 'ವಣಿ-ದಿಂಡೋರಿ ತಾಮ್ರಶಾಸನ' ಎಂದು ಕರೆಯುವ ಶಾಸನವೊಂದುಂಟು. ಅದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನದು. ಕಾಲ ಶಕವರ್ಷ 730, ಎಂದರೆ ಕ್ರಿ. ಶ. 807-808ರ ಸುಮಾರು. ಭಾಷೆ ಸಂಸ್ಕೃತ. ಅರಸನು ಮಯೂರಖಂಡಿಯಲ್ಲಿ ಬೀಡುಬಿಟ್ಟಿದ್ದಾಗ ಗ್ರಾಮವೊಂದನ್ನು ದಾನಮಾಡಿದ ಸಂಗತಿ ಅದರಲ್ಲಿದೆ. ಈ ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ವು ಅವನ ಆಸ್ಥಾನದಲ್ಲಿಯೇ ಹುಟ್ಟಿತು. ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಆ ಗ್ರಂಥವು ಹೆಸರಿಸುವ ಗೋದಾವರಿ ನದಿಯು ನಾಸಿಕ್ ನಗರದ ನಡುವೆಯೇ ಹರಿಯುತ್ತದೆ. ಹೀಗಿರಲಾಗಿ, ಕನ್ನಡ ವಿದ್ಯಾರ್ಥಿಗಳಾದ ನಮಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಸಹಜವೇ ಸರಿ.

ನಾವು ಶಾಲೆಯ ಸಭೆಯೊಂದರಲ್ಲಿ ಪ್ರಬಂಧವನ್ನು ಓದಿ, ಮಯೂರಖಂಡಿಯೆಂದರೆ ನಾಸಿಕ್ ಜಿಲ್ಲೆಯ ಮಾರ್ಕಿಂಡಾ ಕೋಟೆಯೆಂದು ಹೇಳಿದೆವು. ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, "ಅದು ಬೀದರ್ ಜಿಲ್ಲೆಯ ಮೋರಖಂಡಿಯೆಂದು ನಾನು ಓದಿದ್ದೇನೆ. ನಿಮಗೆ ಇದನ್ನು ಹೇಳಿದವರು ಯಾರು?" ಎಂದು ಕೇಳಿದರು. ನಮ್ಮ ನೋಟುಬುಕ್ಕಿನಲ್ಲಿ ವಾಕ್ಯವಿತ್ತು. ಅದನ್ನು ಎಲ್ಲಿಂದ ತೆಗೆದುಕೊಂಡೆವೆಂಬುದು ಇರಲಿಲ್ಲ. ಬೀದರಿನ ಮತವನ್ನೂ ನಾವು ಓದಿದ್ದೆವು. ಆದರೆ ಅದು ಮೂವತ್ತು ಪುಟಗಳ ಆಚೆಗೆ ಬೇರೊಂದು ತಲೆಬರಹದ ಕೆಳಗೆ ಮಲಗಿತ್ತು. ನಾವು ತಲೆತಗ್ಗಿಸಿ ನಿಂತೆವು.

ತಪ್ಪು ಓದಿನದಲ್ಲ, ಕೂಡಿಡುವ ಕ್ರಮದ್ದು. ಕಟ್ಟಿದ ಪುಸ್ತಕದಲ್ಲಿ ಬರೆದುದನ್ನು ಸ್ಥಳಾಂತರಿಸಲಾಗದು. ಆದುದರಿಂದಲೇ ಹಿಂದಿನ ವಿದ್ವಾಂಸರು ಬಿಡಿ ಚೀಟಿಗಳನ್ನು ಆಶ್ರಯಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಶಾಸನಗಳಿಂದಲೂ ಕಾವ್ಯಗಳಿಂದಲೂ ಚೀಟಿಗಳಲ್ಲಿ ಸಂಗ್ರಹಿಸಿದ ಪ್ರಯೋಗಗಳ ಮೇಲೆ ನಿಂತಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್ (1927-1998) ಸುಮಾರು 90,000 ಚೀಟಿಗಳನ್ನು ಬರೆದಿಟ್ಟು, ಪ್ರತಿಯೊಂದಕ್ಕೂ ಸಂಖ್ಯೆಯನ್ನು ಕೊಟ್ಟು, ಒಂದರಿಂದ ಮತ್ತೊಂದಕ್ಕೆ ಆ ಸಂಖ್ಯೆಯ ಮೂಲಕ ದಾರಿ ತೋರಿಸಿದ್ದರು.

ಇದೇ ಕೆಲಸವನ್ನು ನಾವು ಈಗ ಗಣಕಯಂತ್ರದಲ್ಲಿ, ಬಣ್ಣ ಬೆಡಗುಗಳಿಲ್ಲದ ಸರಳ ಪಠ್ಯದ ಫೈಲುಗಳಲ್ಲಿ ಮಾಡುತ್ತೇವೆ. ನೋಟ್‌ಪ್ಯಾಡಿನಂತಹ ಸಾಮಾನ್ಯ ಸಾಧನವೇ ಸಾಕು. ಯುನಿಕೋಡ್ ಸಂಕೇತದಲ್ಲಿ ಬರೆದ ಸರಳ ಪಠ್ಯವನ್ನು ಯಾವ ಯಂತ್ರದಲ್ಲಾದರೂ ತೆರೆಯಬಹುದು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವಾದರೋ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ನಮ್ಮ ನಿಯಮಗಳು ನಾಲ್ಕು. ಮೊದಲನೆಯದು, ಒಂದು ಫೈಲಿನಲ್ಲಿ ಒಂದೇ ಸಂಗತಿ. ಎರಡನೆಯದು, ಪ್ರತಿಯೊಂದಕ್ಕೂ ಎಂದಿಗೂ ಬದಲಾಗದ ಒಂದು ಸಂಖ್ಯೆ. ಬರಿಯ 12 ಎಂದು ಬರೆದರೆ ಹುಡುಕುವಾಗ 812, 1912 ಎಂಬ ಇಸವಿಗಳೂ ಎದುರಾಗುತ್ತವೆ; ಆದುದರಿಂದ 'ಟಿ012' ಎಂದು ಬರೆಯುತ್ತೇವೆ. ಮೂರನೆಯದು, ಆಧಾರದ ಸಾಲಿಲ್ಲದ ಟಿಪ್ಪಣಿಯನ್ನು ಉಳಿಸುವಂತಿಲ್ಲ. ಗ್ರಂಥದ ಮಾತನ್ನು ಉದ್ಧರಣ ಚಿಹ್ನೆಯೊಳಗೆ, ನಮ್ಮ ಮಾತನ್ನು ಹೊರಗೆ ಬರೆಯಬೇಕು. ನಾಲ್ಕನೆಯದು, ಸಂಬಂಧಪಟ್ಟ ಟಿಪ್ಪಣಿಯ ಸಂಖ್ಯೆಯನ್ನು ಜೋಡಿ ಚೌಕ ಕಂಸಗಳಲ್ಲಿ ಬರೆದು, ಸಂಬಂಧವೇನೆಂಬುದನ್ನೂ ಒಂದು ಮಾತಿನಲ್ಲಿ ಹೇಳಬೇಕು. ನಮ್ಮ ಒಂದು ಟಿಪ್ಪಣಿ ಹೀಗಿದೆ:

ಟಿ012 ಮಯೂರಖಂಡಿ
ವಣಿ-ದಿಂಡೋರಿ ಶಾಸನವು ಹೊರಟ ಸ್ಥಳ.
[[ಟಿ013]] ನಾಸಿಕ್ ಜಿಲ್ಲೆಯ ಕೋಟೆಯೆಂಬ ಮತ
[[ಟಿ014]] ಬೀದರ್ ಜಿಲ್ಲೆಯ ಮೋರಖಂಡಿಯೆಂಬ ಮತ, ಟಿ013ಕ್ಕೆ ವಿರುದ್ಧ
ಆಧಾರ: ಇಂಡಿಯನ್ ಆಂಟಿಕ್ವರಿ, ಸಂಪುಟ 11, ಫ್ಲೀಟ್ ಅವರ ಲೇಖನ

ಕೆಲವು ತಂತ್ರಾಂಶಗಳಲ್ಲಿ ಈ ಕಂಸವನ್ನು ಒತ್ತಿದೊಡನೆಯೇ ಆ ಟಿಪ್ಪಣಿ ತೆರೆದುಕೊಳ್ಳುತ್ತದೆ. ಆ ಸೌಕರ್ಯವಿಲ್ಲದಿದ್ದರೂ ಚಿಂತೆಯಿಲ್ಲ. ಎಲ್ಲ ಫೈಲುಗಳನ್ನೂ ಒಂದೇ ಕಡೆ ಇರಿಸಿ, ಅವುಗಳೊಳಗೆ 'ಟಿ012' ಎಂದು ಹುಡುಕಿಸಿದರೆ, ಮಯೂರಖಂಡಿಯತ್ತ ಬೆರಳು ತೋರಿಸುವ ಟಿಪ್ಪಣಿಗಳೆಲ್ಲವೂ ಒಮ್ಮೆಗೇ ಮುಂದೆ ಬಂದು ನಿಲ್ಲುತ್ತವೆ. ನಾವು ಹೋದ ದಾರಿಯಷ್ಟೇ ಅಲ್ಲ, ಹಿಂದಿರುಗುವ ದಾರಿಯೂ ದೊರೆಯಿತಲ್ಲವೆ?

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ನಮಗೆ ೭೩೦ ಮತ್ತು 730 ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ. ಒಂದನ್ನು ಹುಡುಕಿದರೆ ಮತ್ತೊಂದು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಆದುದರಿಂದ ಅಂಕಿಗಳಲ್ಲಿಯೂ ಕಾಗುಣಿತದಲ್ಲಿಯೂ ಒಂದೇ ರೂಢಿಯನ್ನು ಪಾಲಿಸಬೇಕು. ಊರುಗಳ ಹೆಸರೂ ಬದಲಾಗುತ್ತವೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವಿರುವ ಎಲ್ಲೋರವು ಹಳೆಯ ಗ್ರಂಥಗಳಲ್ಲಿ ಔರಂಗಾಬಾದಿಗೆ ಸೇರಿದ್ದು. 2023ರಿಂದ ಆ ಜಿಲ್ಲೆಗೆ ಛತ್ರಪತಿ ಸಂಭಾಜಿನಗರವೆಂದು ಹೆಸರು. ಟಿಪ್ಪಣಿಯಲ್ಲಿ ಎರಡು ಹೆಸರುಗಳೂ ಇರತಕ್ಕದ್ದು. ಇಡಿಯ ಸಂಗ್ರಹದ ಪ್ರತಿಯೊಂದನ್ನು ಬೇರೆಡೆ ಇಡುವುದನ್ನೂ ಮರೆಯಬಾರದು.

ಇಷ್ಟಾದರೂ ಮಯೂರಖಂಡಿಯು ಎಲ್ಲಿತ್ತೆಂಬುದನ್ನು ನಾವು ನಿರ್ಣಯಿಸಿಬಿಟ್ಟೆವೆಂದಲ್ಲ. ಟಿ013 ಮತ್ತು ಟಿ014 ಎರಡೂ ನಮ್ಮಲ್ಲಿ ಅಕ್ಕಪಕ್ಕದಲ್ಲಿವೆ. ಒಂದನ್ನು ಮೆಚ್ಚಿ ಮತ್ತೊಂದನ್ನು ಅಳಿಸಿಲ್ಲ. ನಮ್ಮ ಮನಸ್ಸಿಗೆ ಹಿತವಾದ ಮತವನ್ನು ಮಾತ್ರ ನೆನಪಿಡುವುದು ಮನುಷ್ಯಸ್ವಭಾವ. ಹಿತವಲ್ಲದುದನ್ನೂ ಕಣ್ಣೆದುರಿಗೆ ತಂದು ನಿಲ್ಲಿಸುವುದು ಒಳ್ಳೆಯ ಟಿಪ್ಪಣಿಯ ಧರ್ಮ. ಆ ಹಿರಿಯರು ಇನ್ನೊಮ್ಮೆ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, "ಮತಗಳು ಎರಡಿವೆ, ಆಧಾರಗಳು ಇಲ್ಲಿವೆ, ನೋಡಿರಿ" ಎಂದು ನಾವು ಈ ಬಾರಿ ತಲೆಯೆತ್ತಿ ಹೇಳಬಲ್ಲೆವು.