ಮತ ಬಿದ್ದ ಮೇಲೆ ಮಾತೇಕೆ?

ನಮ್ಮ ತ್ಯಾಗರಾಜನಗರವು ಸ್ವಭಾವತಃ ಸದ್ದುಗದ್ದಲದ ಬಡಾವಣೆಯಲ್ಲ. ಸಂಜೆಯ ಕಾಫಿಯಾದ ಮೇಲೆ ಜಗಲಿಯಲ್ಲಿ ಕುಳಿತು ನಾಲ್ಕು ಮಾತನಾಡುವ ಹಿರಿಯರು ಇಲ್ಲಿ ಇನ್ನೂ ಇರುವರು. ಚುನಾವಣೆಯ ಕಾಲವೊಂದು ಬಂದಿತೆಂದರೆ ಮಾತ್ರ ನಮ್ಮ ಅಡ್ಡರಸ್ತೆಗಳಿಗೂ ಬಾಯಿ ಬರುತ್ತದೆ. ಧ್ವನಿವರ್ಧಕ ಕಟ್ಟಿದ ಆಟೋರಿಕ್ಷಾಗಳು, ಬಾಗಿಲು ತಟ್ಟುವ ಕಾರ್ಯಕರ್ತರು, ಮೊಬೈಲಿನಲ್ಲಿ ಬೇಡವೆಂದರೂ ಬಂದು ಬೀಳುವ ಸಂದೇಶಗಳು, ಇವುಗಳಿಗೆ ಲೆಕ್ಕವೇ ಇಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ವಾಚಕರ ಮುಂದಿಡುತ್ತೇವೆ. ರಾಜ್ಯದ ಮತದಾನವು ಮೇ 10ರಂದು. ಆದರೆ 80 ವರ್ಷ ದಾಟಿದವರಿಗೂ, ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೂ ಮನೆಯಲ್ಲಿಯೇ ಮತ ನೀಡುವ ಅನುಕೂಲವನ್ನು ಚುನಾವಣಾ ಆಯೋಗವು ಆ ಸಲ ಕಲ್ಪಿಸಿತ್ತು. ಏಪ್ರಿಲ್ 29ರಿಂದಲೇ ಈ ಕಾರ್ಯವು ಮೊದಲಾಯಿತು. ನಮ್ಮ ನೆರೆಮನೆಯ ಅಜ್ಜಿಯವರ ಬಳಿಗೂ ಅಧಿಕಾರಿಗಳು ಬಂದರು; ನಡುಮನೆಯಲ್ಲಿ ಮರೆ ಕಟ್ಟಿದರು; ಆಕೆಯು ಕಾಗದದ ಮತಪತ್ರಕ್ಕೆ ಗುರುತು ಹಾಕಿ ಲಕೋಟೆಯಲ್ಲಿಟ್ಟು ಒಪ್ಪಿಸಿದರು. ಮಂಡಿನೋವಿನಿಂದ ವರ್ಷಗಟ್ಟಲೆ ಹೊಸಲು ದಾಟದಿದ್ದ ಆ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾವು ಮರೆಯಲಾರೆವು.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಭಾರತೀಯ ಜನತಾ ಪಕ್ಷದ ಪ್ರಣಾಳಿಕೆಯು ಹೊರಬಂದುದು ಮೇ 1ರಂದು. ಕಾಂಗ್ರೆಸ್ಸಿನದು ಮೇ 2ರಂದು. ಆ ವಾರದಲ್ಲಿಯೇ ಕರಪತ್ರ ಹಿಡಿದು ಮನೆಗೆ ಬಂದ ಹುಡುಗನಿಗೆ ಅಜ್ಜಿಯವರು, “ನನ್ನ ಮತ ಆಗಲೇ ಲಕೋಟೆ ಸೇರಿತಪ್ಪ. ಈಗ ಬಂದು ಹೇಳಿದರೆ ಏನು ಫಲ?” ಎಂದರು. ಹುಡುಗನು ನಕ್ಕು ಮುಂದಿನ ಮನೆಗೆ ಹೋದನು. ನಾವು ಮಾತ್ರ ನಗಲಾರದೆ ಹೋದೆವು. ಮದುವೆ ಮುಗಿದ ಮೇಲೆ ಜಾತಕ ತಂದು ತೋರಿಸಿದಂತಾಯಿತಲ್ಲವೆ?

ಹಾಗಾದರೆ, ಮೊದಲನೆಯ ಮತ ಬಿದ್ದೊಡನೆಯೇ ಪ್ರಚಾರವೆಲ್ಲವೂ ನಿಲ್ಲತಕ್ಕದ್ದೆ? ಪ್ರಶ್ನೆಯು ಮೇಲುನೋಟಕ್ಕೆ ಸುಲಭ. ಒಳಹೊಕ್ಕರೆ ಅಷ್ಟು ಸುಲಭವಲ್ಲ.

ನಮ್ಮ ಶಾಸನವು ಈ ವಿಷಯದಲ್ಲಿ ಮೂಕವಾಗಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 126ನೆಯ ಪ್ರಕರಣದಂತೆ, ಮತದಾನವು ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಆ ಕ್ಷೇತ್ರದೊಳಗೆ ಚುನಾವಣೆಯ ಸಭೆ, ಮೆರವಣಿಗೆಗಳು ಕೂಡವು. ಸಿನಿಮಾ, ದೂರದರ್ಶನಗಳ ಮೂಲಕ ಪ್ರಚಾರವೂ ಕೂಡದು. 130ನೆಯ ಪ್ರಕರಣವು ಮತಗಟ್ಟೆಯ ಸುತ್ತಲಿನ 100 ಮೀಟರಿನೊಳಗೆ ಮತ ಯಾಚನೆಯನ್ನು ನಿಷೇಧಿಸಿದೆ. ಇದರ ಉದ್ದೇಶವು ಸ್ಪಷ್ಟ. ಕಡೆಯ ಗಳಿಗೆಯಲ್ಲಿ ಹಬ್ಬಿದ ಸುಳ್ಳಿಗೆ ಉತ್ತರ ಕೊಡಲು ಎದುರಾಳಿಗೆ ಕಾಲವಿರುವುದಿಲ್ಲ. ಮತದಾರನಿಗಾದರೋ ಕೇಳಿದುದನ್ನೆಲ್ಲ ಮನಸ್ಸಿನಲ್ಲಿ ತೂಗಿ ನೋಡಲು ಎರಡು ದಿನದ ಶಾಂತಿ ಬೇಕು.

ಈ ನಿಯಮವು ಹುಟ್ಟಿದಾಗ ಒಂದು ಊರಿನ ಸದ್ದು ಬಹುಮಟ್ಟಿಗೆ ಆ ಊರಿನದೇ ಆಗಿತ್ತು. ಈಗಿನ ಸ್ಥಿತಿಯೇ ಬೇರೆ. 2024ರ ಲೋಕಸಭಾ ಚುನಾವಣೆಯು ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆಯಿತು. ನಮ್ಮ ಬೆಂಗಳೂರು ದಕ್ಷಿಣವೂ ಸೇರಿದಂತೆ ರಾಜ್ಯದ 14 ಕ್ಷೇತ್ರಗಳು ಏಪ್ರಿಲ್ 26ರಂದು ಮತವಿತ್ತವು. ಉಳಿದ 14 ಕ್ಷೇತ್ರಗಳು ಮೇ 7ರಂದು. ಏಪ್ರಿಲ್ 24ರ ಸಂಜೆ ಆರು ಗಂಟೆಗೆ ನಮ್ಮ ರಸ್ತೆಗಳು ಮೌನ ತಾಳಿದುವೇನೋ ನಿಜ. ಆದರೆ ಬೇರೆ ಹಂತದ ಜಿಲ್ಲೆಗಳಲ್ಲಿ ನಾಯಕರು ಆಡಿದ ಭಾಷಣವು ದೂರದರ್ಶನದ ಮೂಲಕ ನಮ್ಮ ನಡುಮನೆಗೆ ಬರುವುದನ್ನು ತಡೆಯುವವರಾರು? ಬೀದಿಯ ಬಾಗಿಲನ್ನು ಭದ್ರಪಡಿಸಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಇದು. ಈ ಕೊರತೆಯನ್ನು ಪರಿಶೀಲಿಸಲು ಆಯೋಗವು ಉಮೇಶ್ ಸಿನ್ಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, 2019ರಲ್ಲಿ ವರದಿಯನ್ನು ಪಡೆಯಿತು. ಮೌನಕಾಲವನ್ನು ಉಲ್ಲಂಘಿಸಿದ ಬರಹಗಳ ಮೇಲೆ ಮೂರು ಗಂಟೆಗಳೊಳಗಾಗಿ ಕ್ರಮ ಕೈಗೊಳ್ಳುವುದಾಗಿ ಸಾಮಾಜಿಕ ಜಾಲತಾಣಗಳ ಸಂಸ್ಥೆಗಳು ಆ ವರ್ಷವೇ ಒಪ್ಪಿಕೊಂಡವು. ಆದರೆ ಮೂರು ಗಂಟೆಯಲ್ಲಿ ಒಂದು ಸುಳ್ಳು ಎಷ್ಟು ಮನೆಗಳನ್ನು ಸುತ್ತಿಬರಬಲ್ಲುದೆಂಬುದನ್ನು ಮೊಬೈಲು ಹಿಡಿದವರೆಲ್ಲರೂ ಬಲ್ಲರು.

ಆದುದರಿಂದ ಮೊದಲ ಮತದೊಡನೆ ಎಲ್ಲೆಡೆಯೂ ಪ್ರಚಾರವನ್ನು ನಿಲ್ಲಿಸಿಬಿಡೋಣವೆಂದರೆ ಅದೂ ನ್ಯಾಯವೆನಿಸದು. 2024ರಲ್ಲಿ ಹಾಗೆ ಮಾಡಿದ್ದರೆ ಜೂನ್ 1ರಂದು ಮತವೀಯಬೇಕಾದ ಜನರು ಆರು ವಾರಗಳ ಕಾಲ ಅಭ್ಯರ್ಥಿಗಳ ಬಾಯಿಂದ ಒಂದು ಮಾತನ್ನೂ ಕೇಳದೆ ಇರಬೇಕಾಗುತ್ತಿತ್ತು. ಹಣವಂತನಿಗೆ ಹೇಗೂ ಹೆಸರುಂಟು; ಹೊಸಬನಿಗೆ, ಬಡವನಿಗೆ, ಬಾಗಿಲು ಬಾಗಿಲಿಗೆ ನಡೆದು ಹೋಗುವ ಕಾಲಾವಕಾಶವೊಂದೇ ಬಂಡವಾಳ. ಅದನ್ನು ಕಸಿದುಕೊಳ್ಳುವುದು ಯಾರಿಗೆ ಲಾಭ?

ಕಾಲ ಕಳೆದಂತೆ ಸಂದರ್ಭಗಳೂ ಬದಲಾಗುವುದುಂಟು. ನಮ್ಮ ನೆರೆಯ ಜಯನಗರವೇ ಇದಕ್ಕೆ ಸಾಕ್ಷಿ. 2018ರ ಮೇ 12ರ ಮತದಾನಕ್ಕೆ ಎಂಟು ದಿನಗಳಿರುವಾಗ ಅಲ್ಲಿನ ಶಾಸಕರೂ ಅಭ್ಯರ್ಥಿಯೂ ಆಗಿದ್ದ ಬಿ. ಎನ್. ವಿಜಯಕುಮಾರ್ ಅವರು ತೀರಿಕೊಂಡರು. ಚುನಾವಣೆಯು ಜೂನ್ 11ಕ್ಕೆ ಮುಂದೆ ಹೋಯಿತು. ಮನೆಯ ಮತದಾನವು ಆ ವರ್ಷವೇ ಇದ್ದು, 2023ರಂತೆ ಹನ್ನೊಂದು ದಿನ ಮೊದಲೇ ಆರಂಭವಾಗಿದ್ದರೆ, ಎಷ್ಟೋ ಹಿರಿಯರು ಸುದ್ದಿ ತಿಳಿಯುವ ಮುನ್ನವೇ ಗುರುತು ಹಾಕಿ ಮುಗಿಸಿರುತ್ತಿದ್ದರು. ಆ ಕ್ಷೇತ್ರದವರು ರಾಜ್ಯದ ಫಲಿತಾಂಶವನ್ನು ತಿಳಿದ ಮೇಲೆ ಮತವಿತ್ತರೆಂಬುದನ್ನೂ ಇಲ್ಲಿ ನೆನೆಯಬೇಕು. ಅಂತಹ ಸಮಯದಲ್ಲಿ ಪ್ರಚಾರವೇ ಕೂಡದೆಂದಿದ್ದರೆ ಅಲ್ಲಿನ ಮತದಾರರು ಹೊಸ ಅಭ್ಯರ್ಥಿಯನ್ನು ಅರಿಯುವುದು ಹೇಗೆ?

ಅನ್ಯದೇಶಗಳೂ ಈ ಗಂಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಲೆತ್ನಿಸಿವೆ. ಆಸ್ಟ್ರೇಲಿಯಾದಲ್ಲಿ ಶನಿವಾರದ ಮತದಾನಕ್ಕೆ ಬುಧವಾರದ ನಡುರಾತ್ರಿಯಿಂದಲೇ ರೇಡಿಯೋ, ದೂರದರ್ಶನಗಳಲ್ಲಿ ಚುನಾವಣಾ ಜಾಹೀರಾತು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಬಹು ಜನರು ಮುಂಗಡವಾಗಿಯೇ ಮತವಿತ್ತಿರುತ್ತಾರೆ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ವಾರಗಟ್ಟಲೆ ಮತದಾನವೂ ಪ್ರಚಾರವೂ ಜೊತೆಜೊತೆಯಾಗಿ ಸಾಗುತ್ತವೆ. ಮತಗಟ್ಟೆಯ ಸಮೀಪದಲ್ಲಿ ಮಾತ್ರ ನಿರ್ಬಂಧ.

ನಮಗೆ ತೋರುವುದಿಷ್ಟು. ಪ್ರಚಾರವು ನಡೆಯಲಿ, ಆದರೆ ಮುಖ್ಯವಾದ ಮಾತು ಮೊದಲ ಮತಕ್ಕಿಂತ ಮುಂಚೆಯೇ ಬರಲಿ. 2024ರಲ್ಲಿ ಈ ಎರಡು ಪಕ್ಷಗಳೂ ತಮ್ಮ ಪ್ರಣಾಳಿಕೆಗಳನ್ನು ಏಪ್ರಿಲ್ 5 ಮತ್ತು 14ರಂದು, ಅಂದರೆ ಮೊದಲ ಹಂತಕ್ಕೆ ಮುಂಚೆ, ಪ್ರಕಟಿಸಿದುವು. ಮನೆಯ ಮತವನ್ನೂ ಗಣನೆಗೆ ತಂದು ಇದನ್ನು ಕಡ್ಡಾಯ ಮಾಡುವುದು ಒಳಿತು. ಮನೆಯ ಮತದಾನವನ್ನು ಸಾಧ್ಯವಾದ ಮಟ್ಟಿಗೆ ಮತದಾನದ ದಿನಕ್ಕೆ ಹತ್ತಿರ ತರುವುದು ಇನ್ನೂ ಒಳಿತು. ಅಧಿಕಾರಿಗಳು ಮನೆಗೆ ಬರುವ ದಿನ ಆ ಮನೆಯೇ ಮತಗಟ್ಟೆಯೆಂದು ಭಾವಿಸಿ, ಅದರ ಬಾಗಿಲಲ್ಲಿ ಯಾರೂ ಮತ ಯಾಚಿಸಕೂಡದು.

ಇನ್ನುಳಿದುದು ಗೃಹಸ್ಥರಾದ ನಮ್ಮ ಕೈಯಲ್ಲಿದೆ. ಆ 48 ಗಂಟೆ ಕಾಲ ಚುನಾವಣೆಯ ಸಂದೇಶವೊಂದನ್ನೂ ಮುಂದೆ ಕಳುಹಿಸುವುದಿಲ್ಲವೆಂದು ಮನೆಯ ಯಜಮಾನರೂ ಗೃಹಿಣಿಯರೂ ಮಕ್ಕಳೂ ನಿಶ್ಚಯಿಸಬಹುದು. ಹಿರಿಯರು ಗುರುತು ಹಾಕುವಾಗ ಮಗನಾಗಲಿ ಸೊಸೆಯಾಗಲಿ ಪಕ್ಕದಲ್ಲಿ ನಿಂತು ಸೂಚಿಸದಿರಬಹುದು. ಶಾಸನವು ಬೀದಿಯನ್ನು ಮಾತ್ರ ಸುಮ್ಮನಿರಿಸಬಲ್ಲುದು. ಮನೆಯನ್ನು ಸುಮ್ಮನಿರಿಸತಕ್ಕವರು ಮನೆಯವರೇ.

ಇಷ್ಟೊಂದು ಎಚ್ಚರಿಕೆ ಒಂದು ಮತಕ್ಕಾಗಿಯೆ ಎಂದು ಕೇಳುವವರುಂಟು. 2023ರಲ್ಲಿ ಅದೇ ಜಯನಗರದ ಚುನಾವಣೆಯು ತೀರ್ಮಾನವಾದುದು 16 ಮತಗಳಿಂದ. ಅಷ್ಟು ಮತಗಳು ನಮ್ಮ ಒಂದು ಅಡ್ಡರಸ್ತೆಯ ಅಜ್ಜ ಅಜ್ಜಿಯರಲ್ಲಿಯೇ ದೊರೆತಾವು.